ತಂಬಿಗೆಗೆ ಹಾಕಿದ ನೀರು

ಇದನ್ನು ಯಾರ ಮುಂದೆಯೂ ಹೇಳಿಲ್ಲ. ಹೇಳುವಂಥದ್ದೂ ಅಲ್ಲ.

ದೇವದುರ್ಗದ ನಮ್ಮ ಓಣಿಗೆ ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ, ಅದೂ ಬೆಳಿಗ್ಗೆ ಒಂದು ತಾಸು ಮಾತ್ರ. ಅಷ್ಟೂ ಹೊತ್ತು ನಾನು ನಲ್ಲಿಗೆ ಪೈಪು ಬಿಗಿದು, ಮೋಟರ್ ಹಚ್ಚಿ ಮಾಳಿಗೆ ಮೇಲಿನ ಟಾಕಿಗೆ ನೀರು ಎಳೆಯುತ್ತಿದ್ದೆ. ಉಳಿದ ದಿನ ಮೋಟರ್ ಬಚ್ಚಲ ಹಿಂದೆ ಗೋಣಿಚೀಲದ ಕೆಳಗೆ ಇರುತ್ತಿತ್ತು. ಶಾಲೆಯಲ್ಲಿ ಮಕ್ಕಳಿಂದ ನೀರಿನ ಮಹತ್ವದ ಪ್ರಬಂಧ ಬರೆಸುವ ಮಾಸ್ತರನೂ ನಾನೇ. ಮೋಟರ್ ಹಚ್ಚಿದರೆ ಓಣಿಯ ತುದಿಯ ನಲ್ಲಿಗಳಲ್ಲಿ ಬರೀ ಗಾಳಿ ಬರುತ್ತದೆ ಎಂಬುದು ಗೊತ್ತಿತ್ತು. ಗೊತ್ತಿದ್ದೂ ಹಚ್ಚುತ್ತಿದ್ದೆ.

ತುದಿಯ ಮನೆಯಲ್ಲಿ ಕುರಿ ಸಾಕುವ ಮನೆತನದ ಅಜ್ಜಿಯೊಬ್ಬಳಿದ್ದಳು. ಗಂಡ ತೀರಿದ ಮೇಲೆ ಕುರಿಗಳನ್ನೆಲ್ಲ ಮಾರಿ ಒಂದು ಎಮ್ಮೆ ಕಟ್ಟಿಕೊಂಡಿದ್ದಳು. ಅವಳ ಮಗಳು ನನ್ನ ಕೈಯಲ್ಲಿ ಓದಿ, ಈಗ ಮಾನ್ವಿ ಕಡೆ ಅಂಗನವಾಡಿಯಲ್ಲಿ ಕೆಲಸಕ್ಕಿದ್ದಾಳೆ. ಅದೊಂದು ಕಾರಣಕ್ಕೆ ಅಜ್ಜಿ ನನ್ನನ್ನು ಕಂಡರೆ ಕಟ್ಟೆ ಮೇಲಿಂದ ಎದ್ದು ನಿಲ್ಲುತ್ತಿದ್ದಳು.

ಒಂದು ದಿನ ಹನುಮಪ್ಪನ ಗುಡಿಯ ಮುಂದೆ ಇಂಜಿನಿಯರ್ ಒಬ್ಬರು ಸಭೆ ಕರೆದರು. ಹೊಸ ಪೈಪ್‌ಲೈನ್ ಬರುತ್ತದೆ, ಪ್ರತಿ ಮನೆಯವರೂ ಠೇವಣಿ ಕಟ್ಟಬೇಕು, ನಲ್ಲಿಗೆ ಮೀಟರ್ ಕೂರಿಸುತ್ತೇವೆ, ಹೆಚ್ಚು ಮನೆಗಳು ಒಪ್ಪಿದ ಓಣಿಗೆ ಮೊದಲು ಎಂದರು.

"ಹಳೀ ಲೈನಿಗೂ ರೊಕ್ಕ ಕಟ್ಟೀವ್ರೀ, ನೀರು ಎಲ್ಲಿ ಬಂತು?" ಎಂದ ಒಬ್ಬ.

ಅವನು ಕೇಳಿದ್ದರಲ್ಲಿ ನ್ಯಾಯವಿತ್ತು. ನನ್ನ ಸಂಕಟ ಬೇರೆ. ಮೀಟರ್ ಬಂದರೆ ಎಳೆದಷ್ಟಕ್ಕೂ ದುಡ್ಡು ಕೊಡಬೇಕು. ಹಾಗೆಂದು ಹೇಳಲಾದೀತೇ? ಎದ್ದು ನಿಂತು ಬಡವರ ಪರವಾಗಿ ಭಾಷಣ ಬಿಗಿದೆ. ಹಾಳಾದ ನಾಲಿಗೆ, ಅವತ್ತು ಬಹಳ ಚೆನ್ನಾಗಿ ಓಡಿತು. ಕಡೆಗೆ, ಮುಂದೆಯೇ ಕೂತಿದ್ದ ಅಜ್ಜಿಯ ಕಡೆ ಕೈ ಮಾಡಿದೆ.

"ಈ ಯವ್ವ ಎಲ್ಲಿಂದ ತಂದು ಕೊಡಬೇಕ್ರೀ? ಇರೋದೊಂದು ಎಮ್ಮಿ, ಅದನ್ನೂ ಮಾರಬೇಕೇನು?"

ಆಗ ಕಂಡಿತು. ಅಜ್ಜಿ ಸೆರಗಿನ ಗಂಟು ಬಿಚ್ಚಿ, ನೋಟುಗಳನ್ನು ಕೈಯಲ್ಲಿ ಹಿಡಿದೇ ಕೂತಿದ್ದಳು. ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ನೋಟುಗಳನ್ನು ಮಡಚಿ ಮತ್ತೆ ಸೆರಗಿಗೆ ಕಟ್ಟಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಜನ ಚಪ್ಪಾಳೆ ತಟ್ಟಿದರು. ನಾನು ಕೂತೆ.

ಲೈನು ಪಕ್ಕದ ಓಣಿಗೆ ಹೋಯಿತು.

ಕೆಲವು ತಿಂಗಳ ಮೇಲೆ ಅಜ್ಜಿಯ ಎಮ್ಮೆ ಕರು ಹಾಕಿತು. ಗಿಣ್ಣದ ಹಾಲನ್ನು ತಂಬಿಗೆಯಲ್ಲಿ ತುಂಬಿಕೊಂಡು ನಮ್ಮ ಮನೆಗೆ ಬಂದಳು. ಹಾಲು ತಂದ ತಂಬಿಗೆಯನ್ನು ನಮ್ಮಲ್ಲಿ ಬರಿದಾಗಿ ಕಳಿಸುವುದಿಲ್ಲ. ಹಿಡಿ ಜೋಳವನ್ನೋ ಬೆಲ್ಲದ ತುಣುಕನ್ನೋ ಹಾಕಿ ಕೊಡುತ್ತೇವೆ. ಅವತ್ತು ನೀರು ಬಿಡುವ ದಿನ, ಹಿಂದೆ ಮೋಟರ್ ಗುರ್ರೆನ್ನುತ್ತಿತ್ತು. ನಾನು ಜೋಳದ ಡಬ್ಬಿಗೆ ಕೈ ಹಾಕಿದೆ.

"ಜ್ವಾಳ ಬ್ಯಾಡ್ರೀ ಸರ. ನೀರು ಹಾಕಿ ಕೊಡ್ರಿ. ಕುಡಿಯಾಕ ಮನ್ಯಾಗ ಹನಿ ಇಲ್ಲ."

ತಂಬಿಗೆ ತುಂಬಿಸಿ ಅವಳ ಕೈಗಿಟ್ಟೆ. ಇನ್ನು ತಡೆಯಲಾಗಲಿಲ್ಲ.

"ಯವ್ವಾ, ನಾ ಮೋಟರ್ ಹಚ್ಚಿ ಎಳಿಯಾಕತ್ತೀನಿ. ಇದು ನಿನ್ನ ನಲ್ಲಿಗೆ ಬರೋ ನೀರು."

"ಗೊತ್ತದ ಬಿಡ್ರಿ. ಸಪ್ಪಳ ನಮ್ಮನಿ ತನಕ ಕೇಳಸ್ತದ."

"ಮತ್ತ ಅವತ್ತ ರೊಕ್ಕ ಯಾಕ ಕೊಡಲಿಲ್ಲ?"

ಅಜ್ಜಿ ತಂಬಿಗೆಯ ಬಾಯಿಗೆ ಸೆರಗು ಮುಚ್ಚಿಕೊಂಡಳು. "ಅಷ್ಟು ಮಂದ್ಯಾಗ ನಾ ಕೊಟ್ಟಿದ್ರ ನಿಮ್ಮ ಮಾತು ಬೀಳ್ತಿತ್ತಲ್ರೀ. ನನ್ನ ಮಗಳಿಗೆ ಅಕ್ಷರ ಕಲಿಸಿದವರು ನೀವು."

ತುಳುಕದ ಹಾಗೆ ಮೆಟ್ಟಿಲಿಳಿದು ಹೋದಳು. ಮೋಟರನ್ನು ನಾನು ಅವತ್ತೇ ಕಾಯಂ ಆಗಿ ಬಿಚ್ಚಿಟ್ಟೆ. ಆದರೆ ಟಾಕಿ ತುಂಬಿದ ಮೇಲೆ.