ಬೀಜ ಸರಿಯಿಲ್ಲ ಎಂದ ಮೇಷ್ಟ್ರು

ಮೊನ್ನೆ ಹೊನ್ನಾಳಿಯ ನನ್ನ ಬಾಡಿಗೆ ಮನೆಯ ಪಕ್ಕದ ಕಟ್ಟೆಯ ಮೇಲೆ ಇಬ್ಬರು ಹೆಂಗಸರು ಹುಣಸೆ ಬೀಜ ತಿಕ್ಕುತ್ತಿದ್ದರು. ಚೌಕಾಬಾರ ಆಡಲು ಬೀಜದ ಒಂದು ಮೈಯನ್ನು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿಕೊಳ್ಳುತ್ತೇವಲ್ಲ, ಹಾಗೆ. ಕಾದ ಬೀಜದ ಸುಟ್ಟ ವಾಸನೆ ಕಿಟಕಿಯಿಂದ ಒಳಗೆ ಬಂತು… ಡಿಗ್ರಿ ಕಾಲೇಜಿನ ಗಣಿತದ ಮೇಷ್ಟ್ರು ನೆನಪಾದರು. ನೆನಪಾದರು ಎಂದು ಬರೆದುಬಿಟ್ಟೆ. ಇನ್ನು ಮುಂದೆ ಆತ ಎಂದೇ ಬರೆಯುತ್ತೇನೆ, ಅದಕ್ಕಿಂತ ಹೆಚ್ಚಿನ ಮರ್ಯಾದೆ ನನ್ನ ಕೈಯಿಂದ ಬರುವುದಿಲ್ಲ.

ಚನ್ನಗಿರಿಯ ಆ ಕಾಲೇಜಿನಲ್ಲಿ ಗಣಿತಕ್ಕೆ ಚಿನ್ನದ ಪದಕ ಪಡೆದವನು ಆತನೊಬ್ಬನೇ. ಅದನ್ನು ನಮಗೆ ಹೇಳದೆ ಆತ ಒಂದು ವಾರ ಕಳೆದದ್ದಿಲ್ಲ. ಪಾಠ ಎಂದರೆ ಹಳದಿಗಟ್ಟಿದ ನೋಟ್ಸ್ ನೋಡಿ ಬೋರ್ಡು ತುಂಬಿಸುವುದು. ಯಾರಾದರೂ ಯಾಕೆ ಎಂದು ಕೇಳಿದರೆ, ಪರೀಕ್ಷೆಗೆ ಬರಲ್ಲ ಬಿಡು ಎನ್ನುವುದು. ಕೊನೆಯ ವರ್ಷ ಗಣಿತಕ್ಕೆ ಕಂಪ್ಯೂಟರ್ ಸೇರಿಸಿ ಎಲ್ಲರೂ ಒಂದೊಂದು ಪ್ರಾಜೆಕ್ಟ್ ಮಾಡಬೇಕಿತ್ತು. ಮಾಡುವುದು ಎಂದರೆ ದಾವಣಗೆರೆಯ ಅಂಗಡಿಯಿಂದ ಕೊಂಡು ತರುವುದು. ಪ್ರೋಗ್ರಾಂ, ವರದಿ, ಬಂಗಾರದ ಅಕ್ಷರದ ಬೈಂಡಿಂಗ್, ಎಲ್ಲ ಅಲ್ಲೇ ಸಿಗುತ್ತಿತ್ತು. ಆ ಅಂಗಡಿಯ ಫೋನ್ ನಂಬರನ್ನು ತರಗತಿಗೆ ಕೊಟ್ಟವನೂ ಆತನೇ.

ನಾನು ತರಲಿಲ್ಲ. ನಲ್ಲೂರಿನಲ್ಲಿ ಅವ್ವ ಕೂಲಿಗೆ ಅಡಿಕೆ ಸುಲಿದು ನನ್ನನ್ನು ಓದಿಸುತ್ತಿದ್ದಳು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಯಾರೋ ಮಾಡಿದ್ದರ ಮೇಲೆ ನನ್ನ ಹೆಸರು ಹಾಕಿಸಿಕೊಳ್ಳಲು ಅಷ್ಟು ಕಷ್ಟಪಟ್ಟು ಬಂದಿರಲಿಲ್ಲ. ಚೌಕಾಬಾರ ಆಡುವ ಪ್ರೋಗ್ರಾಂ ಬರೆಯುತ್ತೇನೆ ಎಂದೆ. ಆತ ಹೆಂಗಸರ ಆಟ ಎಂದು ನಕ್ಕು, ತಲೆ ಎತ್ತದೆ ಸಹಿ ಹಾಕಿದ.

ಪ್ರೋಗ್ರಾಂ ಬರೆಯುವುದು ನನಗೆ ಸರಿಯಾಗಿ ಬರುತ್ತಿರಲಿಲ್ಲ. ಲ್ಯಾಬ್ ಖಾಲಿ ಇದ್ದಾಗಲೆಲ್ಲ ಕೂತು, ಪರದೆಯ ಮೇಲೆ ಮೂಡುವ ತಪ್ಪುಗಳನ್ನು ಓದಿ ಓದಿ ಕಲಿತೆ. ಮೊದಮೊದಲು ಕಾಯಿಗಳು ಮನೆ ದಾಟಿ ಆಚೆ ಹೋಗುತ್ತಿದ್ದವು, ಸತ್ತ ಕಾಯಿ ಎದ್ದು ನಡೆಯುತ್ತಿತ್ತು. ಕೊನೆಗೂ ಆಟ ಹದಕ್ಕೆ ಬಂತು. ಬೀಜ ಬೀಳುವುದಕ್ಕೆ ಪುಸ್ತಕದ ಲೆಕ್ಕ ಹಾಕಿದ್ದೆ: ಬಿಳಿ ಅರ್ಧ, ಕಪ್ಪು ಅರ್ಧ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಭಾರ; ಈ ಲೆಕ್ಕದಲ್ಲಿ ಎರಡೂ ಸಮಸಮ ಬೀಳಬೇಕು. ಹಾಸ್ಟೆಲಿನ ಜಗಳೂರಿನ ಗೆಳತಿಯನ್ನು ಕರೆತಂದು ಆಡಲು ಕೂರಿಸಿದೆ. ಸ್ವಲ್ಪ ಹೊತ್ತಿಗೇ ಮುಖ ಕಿವುಚಿದಳು.

“ಇಷ್ಟೊಂದು ಚೌಕ ಯಾರ ಮನ್ಯಾಗೆ ಬೀಳ್ತಾವೆ ಹೇಳು? ನಿನ್ನ ಕಂಪ್ಯೂಟರ್ ಮೋಸ ಮಾಡ್ತೈತೆ ಕಣೇ.”

ಹೌದಲ್ಲ ಅನ್ನಿಸಿತು. ಮನೆಯಲ್ಲಿ ಭಾರ ಬಿದ್ದಷ್ಟು ಸಲ ಚೌಕ ಬಿದ್ದದ್ದನ್ನು ನಾನೂ ಕಂಡಿರಲಿಲ್ಲ. ಬೀಜದ ಕಪ್ಪು ಮೈ ಉಬ್ಬು, ತಿಕ್ಕಿದ ಬಿಳಿ ಮೈ ಚಪ್ಪಟೆ. ಚಪ್ಪಟೆ ಮೈ ನೆಲಕ್ಕೆ ಕೂತುಬಿಡುತ್ತದೆ, ಕಪ್ಪು ಮೇಲಾಗುತ್ತದೆ. ತೋಳು ನೋಯುವವರೆಗೆ ಬೀಜ ಹಾಕಿ ಬರೆದುಕೊಂಡೆ. ಬಸವಾಪಟ್ಟಣದಿಂದ, ಜಗಳೂರಿನಿಂದ ಗೆಳತಿಯರ ಕೈಲಿ ಅವರವರ ಮನೆಯ ಬೀಜ ತರಿಸಿದೆ. ಒಂದು ಮನೆಯ ಬೀಜ ಬಿದ್ದಂತೆ ಇನ್ನೊಂದು ಮನೆಯದು ಬೀಳುತ್ತಿರಲಿಲ್ಲ. ಅರ್ಧಕ್ಕೆ ಮಾತ್ರ ಯಾವುದೂ ಬರುತ್ತಿರಲಿಲ್ಲ. ಪ್ರೋಗ್ರಾಂ ಒಡೆದು ಮತ್ತೆ ಬರೆದೆ. ನಿಮ್ಮ ಬೀಜ ಹೇಗೆ ಬೀಳುತ್ತವೆ ಎಂದು ಮೊದಲು ಕೇಳಿ, ಅದರಂತೆ ಆಡುವ ಹಾಗೆ. ಹದಿನೈದು ವರ್ಷ ಓದಿದ್ದೆ, ಕೊಟ್ಟಿದ್ದನ್ನೇ ಬರೆದಿದ್ದೆ. ಯಾರೂ ಹೇಳಿಕೊಡದ ಒಂದು ಉತ್ತರ ನನಗೆ ಸಿಕ್ಕಿದ್ದು ಅದೇ ಮೊದಲು… ಆ ದಿನದ ಖುಷಿ ಹೇಗೆ ಬರೆಯಲಿ.

ಆ ಪ್ರಾಜೆಕ್ಟಿನ ಅಂಕದ ಮೇಲೆಯೇ ನನ್ನ ಎಂ.ಎಸ್ಸಿ. ಸೀಟು ನಿಂತಿತ್ತು. ವೈವಾಗೆ ಮುಂಚೆ ಆತನಿಗೆ ತೋರಿಸಿದೆ. ಅರ್ಧ ಎಲ್ಲಿ ಎಂದು ಕೇಳಿದ. ನೀವೇ ಹಾಕಿ ನೋಡ್ರಿ ಸರ್ ಎಂದು ಬೀಜ ಮುಂದಿಟ್ಟೆ. ಹಾಕಿದ. ಭಾರ. ಹುಬ್ಬೇರಿಸಿ ಮತ್ತೆ ಹಾಕಿದ, ಮತ್ತೆ ಮತ್ತೆ ಹಾಕಿದ. ಕಪ್ಪು ಬಿದ್ದಾಗಲೆಲ್ಲ ಆತನ ತುಟಿ ಒಳಗೇ ಏನೋ ಲೆಕ್ಕ ಹಾಕುತ್ತಿತ್ತು, ಕುರ್ಚಿ ಮುಂದಕ್ಕೆ ಎಳೆದುಕೊಂಡ. ಆತನಿಗೆ ಅರ್ಥವಾಗಿತ್ತು. ಪೂರ್ತಿ ಅರ್ಥವಾಗಿತ್ತು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ಬೀಜವನ್ನು ಮೇಜಿನ ಮೇಲೆ ತಳ್ಳಿದ.

“ಬೀಜ ಸರಿಯಿಲ್ಲಮ್ಮ. ಸರಿ ಇರೋ ಬೀಜ ತಂದು ಅರ್ಧ ಬರಂಗೆ ಮಾಡು. ಹೊರಗಿನೋರು ಬರ್ತಾರೆ, ನನ್ನ ಮರ್ಯಾದಿ ಐತೆ.”

ನಾನು ಮಾಡಲಿಲ್ಲ. ವೈವಾ ದಿನ ಹೊರಗಿನ ಪರೀಕ್ಷಕರ ಮುಂದೆ, ತಪ್ಪು ಮಾಡಿದಾಳೆ, ಹೇಳಿದರೂ ಕೇಳಲಿಲ್ಲ ಎಂದ. ಅವರಿಗೆ ಊಟದ ಅವಸರ, ಹೂಂ ಎಂದರು. ಬಂಗಾರದ ಅಕ್ಷರದ ಒಂದು ಪ್ರಾಜೆಕ್ಟ್ ಅಂದು ಕಂಪ್ಯೂಟರಿನಲ್ಲಿ ತೆರೆದುಕೊಳ್ಳಲೇ ಇಲ್ಲ, ಅದಕ್ಕೆ ಎಲ್ಲರಿಗಿಂತ ಹೆಚ್ಚು ಅಂಕ. ನನಗೆ ಎಲ್ಲರಿಗಿಂತ ಕಡಿಮೆ. ಸೀಟು ತಪ್ಪಿತು. ಒಂದು ವರ್ಷ ಅವ್ವನ ಪಕ್ಕ ಕೂತು ಅಡಿಕೆ ಸುಲಿದೆ, ಓದಿದೆ, ಮರುವರ್ಷ ಪ್ರವೇಶ ಪರೀಕ್ಷೆ ಬರೆದು ಸೀಟು ತೆಗೆದುಕೊಂಡೆ. ಈಗ ನಾನೂ ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಯಾರ ದಯೆಯಿಂದಲೂ ಅಲ್ಲ.

ಎರಡು ವರ್ಷದ ಹಿಂದೆ ನ್ಯಾಮತಿಯಲ್ಲಿ ಒಂದು ಮದುವೆ ಊಟಕ್ಕೆ ಕೂತಾಗ ಆತ ನನ್ನ ಎದುರು ಸಾಲಿನಲ್ಲೇ ಸಿಕ್ಕ. ನಿವೃತ್ತನಾಗಿದ್ದ, ಗತ್ತು ಹಾಗೇ ಇತ್ತು. ಪಕ್ಕದವರಿಗೆಲ್ಲ ನನ್ನನ್ನು ತೋರಿಸಿ ಹೇಳಿದ: “ನನ್ನ ಶಿಷ್ಯೆ. ಚೌಕಾಬಾರದ ಪ್ರಾಜೆಕ್ಟು ಮಾಡಿದ್ಲು. ನಾನೇ ಮಾಡಿಸಿದ್ದು.”

“ಅದಕ್ಕೆ ಎಷ್ಟು ಅಂಕ ಕೊಟ್ಟಿದ್ರಿ, ಅದನ್ನೂ ಹೇಳ್ರಿ ಸರ್,” ಎಂದೆ.

ಆತ ಬಡಿಸುವವನನ್ನು ಕರೆದು ಪಾಯಸ ಹಾಕಿಸಿಕೊಂಡ.

ಹೋದ ತಿಂಗಳು ಆತ ತೀರಿಕೊಂಡ. ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನ ತುಂಬ ಕೈಮುಗಿದ ಚಿತ್ರಗಳು, ಮಹಾಗುರು ಎಂಬ ಮಾತುಗಳು. ಅಂಗಡಿಯಿಂದ ಪ್ರಾಜೆಕ್ಟ್ ತಂದವರೇ ಎಲ್ಲರಿಗಿಂತ ಉದ್ದ ಬರೆದಿದ್ದರು. ನಾನು ಒಂದಕ್ಷರ ಬರೆಯಲಿಲ್ಲ. ಏನೂ ತಿಳಿಯದವನಾಗಿದ್ದರೆ ಎಂದೋ ಮರೆತಿರುತ್ತಿದ್ದೆ. ಆದರೆ ಆ ಇಡೀ ಕಾಲೇಜಿನಲ್ಲಿ ನಾನು ಕಂಡದ್ದನ್ನು ಕಾಣಬಲ್ಲವನು ಆತನೊಬ್ಬನೇ ಇದ್ದ. ಕುರ್ಚಿ ಮುಂದಕ್ಕೆ ಎಳೆದುಕೊಂಡ ಆ ಸ್ವಲ್ಪ ಹೊತ್ತು ಆತನೂ ನನ್ನ ಹಾಗೆ ಒಬ್ಬ ವಿದ್ಯಾರ್ಥಿಯಾಗಿದ್ದ… ಆ ಮನುಷ್ಯನನ್ನು ನಾನು ಮತ್ತೆ ನೋಡಲಿಲ್ಲ. ಅವನಿಗಾಗಿ ಆ ದಿನವೇ ಹಾಸ್ಟೆಲಿಗೆ ಬಂದು ಅತ್ತಿದ್ದೆ. ಹೋದ ತಿಂಗಳು ಸತ್ತವನಿಗಾಗಿ ಅಳಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ.