ಕೌದಿ ತೂಗಿದ ಗೋಡೆಗಳು

ಮಾನ್ವಿಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಗೆ ಕಣ್ಣಿರಲಿಲ್ಲ. ಯಾರಾದರೂ ಮಾತಾಡಿದರೆ ಗದ್ದ ಎತ್ತಿ, ತಲೆಯನ್ನು ಆ ಕಡೆ ಈ ಕಡೆ ತುಸು ಹೊರಳಿಸಿ, "ಅಲ್ಲಿದ್ದಿ, ಹೌದಿಲ್ಲೋ?" ಅನ್ನುತ್ತಿದ್ದಳು. ಹಳೆಯ ಮಣ್ಣಿನ ಮನೆಯಲ್ಲಿ ಒಮ್ಮೆಯೂ ತಪ್ಪಿದ್ದಿಲ್ಲ.

ಎಪ್ಪತ್ತರ ದಶಕದ ಕೊನೆಗೆ ಮಗ ಅದನ್ನು ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸಿದ. ನೆಲಕ್ಕೆ ಪರಸಿಕಲ್ಲು, ಗೋಡೆಗೆ ಸಿಮೆಂಟು. ಒಂದು ಮಾತಾಡಿದರೆ ನಾಲ್ಕೂ ಗೋಡೆ ಅದನ್ನೇ ತಿರುಗಿ ಅನ್ನುತ್ತಿದ್ದವು. ಒಂದು ದಿನ ಸೊಸೆ ನೀರಿಗೆ ಹೋದಾಗ ಮೊಮ್ಮಗಳು ಅಂಬೆಗಾಲಿಟ್ಟು ಹೋಗಿ ಒಲೆಗೆ ಕೈ ಹಾಕಿದಳು. ಅಳು ಕೇಳಿ ಅಜ್ಜಿ ಧಾವಿಸಿದ್ದು ಒಲೆಯ ಕಡೆಗಲ್ಲ, ಎದುರಿನ ಮೂಲೆಗೆ. ಕೂಸಿನ ಎರಡು ಬೆರಳು ಮುದುಡಿ ಅಂಟಿಕೊಂಡವು. ಕೈಯಾದರೂ ಉಳಿಯಿತು, ಶಿವನ ದಯೆ.

ಆಮೇಲೆ ಸೊಸೆ ಅಜ್ಜಿಗೆ ಕೂಸನ್ನು ಮುಟ್ಟಗೊಡಲಿಲ್ಲ. ಅಜ್ಜಿ ಕಿವಿಗೆ ಅರಳೆ ಇಟ್ಟು ನೋಡಿದಳು. "ಗುಂಯ್ ಅನ್ನೂದು ಕಡಿಮಿ ಆತವ್ವಾ, ಆದ್ರ ದನಿ ಎತ್ತಾಗ ಅದ ಅನ್ನೂದೂ ಹೋತು" ಅಂದಳು. ಅರಳೆ ತೆಗೆದು, "ಈ ಗೋಡಿಗೋಳ ಬಾಯಿ ಮುಚ್ಚೂಣು ಬಾ" ಎಂದು ನನ್ನನ್ನು ಕರೆದಳು. ಹಳೆ ಬಟ್ಟೆ ಪದರ ಹೊಲಿದ ಮನೆಯ ಕೌದಿಗಳನ್ನೆಲ್ಲ ಗೋಡೆಗೆ ತೂಗುಹಾಕಿದೆವು. ನಾನು ಮೂಲೆಯಲ್ಲಿ ನಿಂತು ಬಳೆ ಅಲ್ಲಾಡಿಸಿದೆ. ಅಜ್ಜಿ ನೆಟ್ಟಗೆ ಬಂದು ನನ್ನ ಕೈ ಹಿಡಿದಳು.

ಸೊಸೆ ಬಾಗಿಲಲ್ಲಿ ನಿಂತು ನೋಡಿದಳು. "ಇದು ಮನಿನೋ, ದರ್ಜಿ ಅಂಗಡಿನೋ? ಈಗ ತಿಳಿದ್ರೇನಾತು ಅತ್ತಿ, ಕೂಸಿನ ಬೆರಳು ಬರ್ತಾವೇನು?"

ಸೊಸೆಯ ಕಂಕುಳಲ್ಲಿದ್ದ ಕೂಸು ಅಜ್ಜಿಯ ಕಡೆಗೆ ಕೈಚಾಚಿ ಅಳತೊಡಗಿತು. ಅಜ್ಜಿಯ ಮುಖ ಸರಿಯಾಗಿ ಅತ್ತಲೇ ತಿರುಗಿತು. ಹೆಜ್ಜೆ ಮಾತ್ರ ಎತ್ತಲಿಲ್ಲ.