ದೊಡ್ಡವ್ವನ ಪಾಲಿನ ಹಿಡಿ ಹಿಟ್ಟು

ಗಿರಣಿಯಿಂದ ತಂದ ರಾಗಿ ಹಿಟ್ಟಿನ ಡಬ್ಬ ತೆರೆದೆ. ಆ ಬೆಚ್ಚನೆಯ ವಾಸನೆಗೆ ಮಹಾರಾಜರ ಕಾಲದ ಹೊಸದುರ್ಗ, ನಮ್ಮ ಹೊಗೆ ಹಿಡಿದ ಅಡುಗೆಮನೆ, ಎಲ್ಲ ಕಣ್ಣೆದುರು ಬಂತು.

ಅವ್ವ ಮುದ್ದೆಗೆ ಎಸರಿಟ್ಟ ಮೇಲೆ, ಭಾನುವಾರ ಚರ್ಚಿಗೆ ಕಾಣಿಕೆಯಾಗಿ ಒಯ್ಯುವ ಮಡಕೆಗೆ ದಿನವೂ ಮೂರು ಹಿಡಿ ಹಿಟ್ಟು ಹಾಕುತ್ತಿದ್ದಳು. ಹಿಡಿಗೊಬ್ಬರ ಹೆಸರು, ಅವರಿಗಾಗಿ ಒಂದು ಪ್ರಾರ್ಥನೆ. ಕೊನೆಯ ಹೆಸರು ದೊಡ್ಡವ್ವನದು. ಅವ್ವನ ಒಡಹುಟ್ಟಿದ ಅಕ್ಕ. ನಾವು ಕ್ರೈಸ್ತರಾದಂದಿನಿಂದ ತಂಗಿಯನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅವಳ ಸರದಿ ಬಂದಾಗ ಮಾತ್ರ ಮಡಕೆಗೆ ಮೂರು ಬೆರಳಿನ ಚಿಟಿಕೆಯಷ್ಟೇ ಬೀಳುತ್ತಿತ್ತು.

"ದೊಡ್ಡವ್ವಂಗ್ಯಾಕವ್ವ ಇಷ್ಟೇ?" ಎಂದೆ.

"ದೇವರ ಮುಂದೆ ಸುಳ್ಳು ಹಿಡಿ ಹಾಕಬಾರ್ದು ಕಣೆ. ಇವತ್ತು ನನ್ನ ಮನಸು ಇಷ್ಟೇ ಐತೆ. ನಾಳೆ ನೋಡಾಣ."

ಚಿಟಿಕೆ ಅರೆ ಹಿಡಿಯಾಗಲು ಎರಡು ಸುಗ್ಗಿ ಕಳೆದವು. ಆಮೇಲೊಂದು ಬೆಳಿಗ್ಗೆ ಹಿಡಿ ತುಂಬಿ, ಹಿಟ್ಟು ಬೆರಳ ಸಂದಿಯಿಂದ ಸುರಿಯಿತು. ಅವ್ವ ಸೆರಗಿಗೆ ಕೈ ಒರೆಸಿಕೊಂಡು, "ಬಾ, ಅಕ್ಕನ ಮನಿಗೆ ಹೋಗಾಣ" ಎಂದಳು.

ದೊಡ್ಡವ್ವ ಅಂದೂ ಬಾಗಿಲು ತೆರೆಯಲಿಲ್ಲ. ಮರುದಿನ ಅವಳ ಸರದಿ ಬಂದಾಗ ನಾನು ಹೆದರುತ್ತಲೇ ಅವ್ವನ ಕೈ ನೋಡಿದೆ. ಹಿಡಿ ತುಂಬಿಯೇ ಇತ್ತು.

ಈಗ ಆ ಮಡಕೆ ನನ್ನ ಒಲೆಯ ಪಕ್ಕದಲ್ಲಿದೆ. ಇವತ್ತು ಒಬ್ಬರ ಹೆಸರಿಗೆ ನನ್ನ ಕೈ ಮೂರು ಬೆರಳಿಗೇ ನಿಂತಿತು. ನಾಳೆ ನೋಡಾಣ.